ಹೈಡ್ರೋಮೀಟರ್‌ಗೆ ಆಲ್ಕೋಹಾಲ್ ಕಾಣುವುದಿಲ್ಲ: ಮನೆ ಬಿಯರ್‌ನ ಶೇಕಡಾ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವನು. ಈಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇನೆ. ಕಿಟ್ ತಂದು ಮೊದಲ ಸಲ ಮನೆಯಲ್ಲಿ ಬಿಯರ್ ಮಾಡಿದ್ದೇನೆ. 1.7 ಕೆಜಿ ಮಾಲ್ಟ್ ಪಾಕದ ಡಬ್ಬಿ, 1 ಕೆಜಿ ಸಕ್ಕರೆ, ಒಟ್ಟು 23 ಲೀಟರ್. ಪಾಕ, ಸಕ್ಕರೆ ಎರಡನ್ನೂ ಬಿಸಿನೀರಲ್ಲಿ ಕರಗಿಸಿ ಬಕೆಟ್‌ಗೆ ಸುರಿದೆ. ಮೇಲೆ ತಣ್ಣೀರು ತುಂಬಿದೆ. ಕೆಳಗಿನ ನಲ್ಲಿಯಿಂದ ಸ್ಯಾಂಪಲ್ ಹಿಡಿದಾಗ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಓದುವ ಗಾಜಿನ ಕಡ್ಡಿ) 1.052 ತೋರಿಸಿತು. ಎರಡು ವಾರ ಕಳೆದು ಈಗ 1.010 ಇದೆ. ಸೂತ್ರಕ್ಕೆ ಹಾಕಿದರೆ 5.5% ಬರುತ್ತದೆ. ಆದರೆ ಕಿಟ್ ಡಬ್ಬಿಯ ಮೇಲೆ ಸುಮಾರು 4.2% ಎಂದಿದೆ. ಅದೇ ಹೈಡ್ರೋಮೀಟರ್‌ನಲ್ಲಿ ಇನ್ನೊಂದು ಅಳತೆ ಪಟ್ಟಿ ಇದೆಯಲ್ಲ, ಅದನ್ನು ನೋಡಿದ ಗೆಳೆಯ "ಇದರಲ್ಲಿ ಇರೋದು 1.3% ಅಷ್ಟೇ, ಇದು ಶರಬತ್ತು" ಎಂದು ನಕ್ಕ. ಮೂರರಲ್ಲಿ ಯಾವುದು ನಿಜ? ಏರ್‌ಲಾಕ್‌ನಲ್ಲಿ (ಮುಚ್ಚಳದ ಮೇಲೆ ಗ್ಯಾಸ್ ಹೊರಬಿಡುವ ಕೊಳವೆ) ಗುಳ್ಳೆ ಬರುವುದು ನಿಂತಿದೆ. ಈ ಶನಿವಾರ ಬಾಟಲಿಗೆ ತುಂಬಬಹುದಾ? ಬರುವ ಗೆಳೆಯರಲ್ಲಿ ಕೆಲವರು ಕಾರಿನಲ್ಲಿ ಬರುತ್ತಾರೆ. ಊರಲ್ಲಿ ಅಮ್ಮ ಬೇರೆ "ಕಳ್ಳಭಟ್ಟಿ ತರ ಕಣ್ಣು ಹೋಗಲ್ವಾ?" ಎಂದು ಫೋನಲ್ಲಿ ಕೇಳುತ್ತಿದ್ದಾರೆ.

ಉತ್ತರ: ಮೊದಲು ಚಿಕ್ಕ ಉತ್ತರ. 5.5 ತಪ್ಪು. 1.3 ಅದಕ್ಕಿಂತ ದೊಡ್ಡ ತಪ್ಪು. ಈಗ ಬಕೆಟ್‌ನಲ್ಲಿರುವುದು ಹೆಚ್ಚು ಕಡಿಮೆ 3.8%, ಬಾಟಲಿಗೆ ಹೋದ ಮೇಲೆ 4.2ರ ಹತ್ತಿರ ಬರುತ್ತದೆ. ಅಂದರೆ ಡಬ್ಬಿಯವರು ಸುಳ್ಳು ಹೇಳಿಲ್ಲ. ಆದರೆ ಶನಿವಾರ ಬಾಟಲಿಗೆ ತುಂಬುವ ಮುಂಚೆ ಒಂದು ಪರೀಕ್ಷೆ ಬಾಕಿ ಇದೆ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಶೇಕಡಾ ಲೆಕ್ಕಕ್ಕಿಂತ ಮುಖ್ಯವಾದ ವಿಷಯ ಅದು.

ಇಷ್ಟು ವರ್ಷ ಬ್ರೂವರಿ ಲ್ಯಾಬ್‌ನಲ್ಲಿ ಕೆಲಸ ಮಾಡಿದ ಮೇಲೂ ಹೊಸಬರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಹೈಡ್ರೋಮೀಟರ್‌ಗೆ ಆಲ್ಕೋಹಾಲ್ ಗೊತ್ತಿಲ್ಲ, ಸಕ್ಕರೆಯೂ ಗೊತ್ತಿಲ್ಲ. ನೀರಿಗೆ ಹೋಲಿಸಿದರೆ ಈ ದ್ರವ ಎಷ್ಟು ಭಾರ ಎನ್ನುವುದು ಮಾತ್ರ ಅದಕ್ಕೆ ಗೊತ್ತು. 1.052 ಅಂದರೆ ನೀರಿಗಿಂತ 5.2% ಹೆಚ್ಚು ಭಾರ, ಅಷ್ಟೇ. (ನಮ್ಮವರು ಮೊದಲ ಒಂದನ್ನು ಬಿಟ್ಟು ಇದನ್ನು 52 ಪಾಯಿಂಟ್ ಎನ್ನುತ್ತಾರೆ. ಇನ್ನು ಮುಂದೆ ನಾನೂ ಹಾಗೇ ಬರೆಯುತ್ತೇನೆ.)

ಊರಿನ ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಡುವುದನ್ನು ನೀವು ನೋಡಿರುತ್ತೀರಿ. ಅದು ಇದರದೇ ಒಡಹುಟ್ಟು. ಹಾಲಿಗೆ ನೀರು ಬೆರೆಸಿದರೆ ಅದರ ರೀಡಿಂಗ್ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ. ಹಾಗಾಗಿ ಮೊದಲು ಕೆನೆ ತೆಗೆದು, ಆಮೇಲೆ ಲೆಕ್ಕವಾಗಿ ನೀರು ಸೇರಿಸಿದರೆ ಲ್ಯಾಕ್ಟೋಮೀಟರ್ "ಒಳ್ಳೆ ಹಾಲು" ಎನ್ನುತ್ತದೆ. ಅದಕ್ಕೇ ಡೈರಿಯವರು ಫ್ಯಾಟ್ ಬೇರೆ ನೋಡುವುದು. ಬಿಯರ್‌ನಲ್ಲೂ ಇದೇ ಕಥೆ. ಉಳಿದ ಸಕ್ಕರೆ ರೀಡಿಂಗನ್ನು ಮೇಲಕ್ಕೆ ಎಳೆಯುತ್ತದೆ. ಆಲ್ಕೋಹಾಲ್ ನೀರಿಗಿಂತ ಹಗುರ, ಅದರ ಸಾಂದ್ರತೆ 0.789. ಅದು ಕೆಳಕ್ಕೆ ಎಳೆಯುತ್ತದೆ. ಎರಡು ಕಡೆಯ ಎಳೆದಾಟದ ಫಲ ಒಂದೇ ಅಂಕಿ. ಆ ಒಂದು ಅಂಕಿ ನೋಡಿ ಒಳಗೆ ಆಲ್ಕೋಹಾಲ್ ಎಷ್ಟು ಎಂದು ಯಾರೂ ಹೇಳಲಾರರು.

ನಿಮ್ಮ ಗೆಳೆಯರು ಎಡವಿದ್ದು ಇಲ್ಲೇ. ಅವರು ನೋಡಿದ ಪಟ್ಟಿಯಲ್ಲಿರುವುದು "ಮುಂದೆ ಆಗಬಹುದಾದ ಆಲ್ಕೋಹಾಲ್". ಈಗಿರುವ ಭಾರವೆಲ್ಲ ಹುದುಗಿ 1.000ಕ್ಕೆ ಇಳಿದರೆ ಎಷ್ಟು ಆಲ್ಕೋಹಾಲ್ ಹುಟ್ಟಬಹುದು ಎಂಬ ಅಂದಾಜು ಅದು. 1.010ರ ಎದುರು 1.3 ಎಂದಿದ್ದರೆ ಅದರ ಅರ್ಥ "ಇನ್ನೂ 1.3 ಆಗಬಹುದು" ಎಂದು, "ಆಗಿರುವುದು 1.3" ಎಂದಲ್ಲ. ಆ ಪಟ್ಟಿಯನ್ನು ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಓದಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು.

ಒಂದೇ ಸಲ ಮುಳುಗಿಸಿ ನೇರವಾಗಿ ಶೇಕಡಾ ಓದುವ ಹೈಡ್ರೋಮೀಟರ್ ಇಲ್ಲವೇ ಅಂದರೆ, ಇದೆ. ಆದರೆ ಅದು ಭಟ್ಟಿ ಇಳಿಸಿದ ಮದ್ಯಕ್ಕೆ. ಅದರಲ್ಲಿ ನೀರು ಮತ್ತು ಆಲ್ಕೋಹಾಲ್ ಎರಡೇ ಇರುವುದರಿಂದ ಒಂದು ಅಂಕಿ ಸಾಕಾಗುತ್ತದೆ. ಬ್ರಿಟನ್ 1816ರಲ್ಲಿ ಕಾನೂನು ಮಾಡಿ ಸೈಕ್ಸ್ ಎಂಬುವರ ಹೈಡ್ರೋಮೀಟರನ್ನು ತೆರಿಗೆ ಲೆಕ್ಕಕ್ಕೆ ತಂದಿತು. ಅದರ ಜೊತೆಗೇ ಬೆಳೆದ "ಪ್ರೂಫ್" ಲೆಕ್ಕ ನಮ್ಮೂರಿನ ಬಾಟಲಿಗಳಲ್ಲಿ ಇವತ್ತಿಗೂ ಉಳಿದಿದೆ. 100 ಪ್ರೂಫ್ ಅಂದರೆ 57.1%. ಅದರ ಮುಕ್ಕಾಲು ಭಾಗವೇ 42.8%. ವಿಸ್ಕಿ ಲೇಬಲ್‌ನಲ್ಲಿ ಆ ವಿಚಿತ್ರ ಅಂಕಿ ಯಾಕೆ ಅಂತ ಯೋಚಿಸಿದ್ದರೆ, ಕಾರಣ ಇದು. ಆ ಮೀಟರನ್ನು ಬಿಯರ್‌ಗೆ ಹಾಕಬೇಡಿ. ಬಿಯರ್‌ನಲ್ಲಿ ಉಳಿದ ಸಕ್ಕರೆ ಅದರ ಲೆಕ್ಕವನ್ನೇ ಕೆಡಿಸುತ್ತದೆ.

ಈಗ ನಿಮ್ಮ 5.5ಕ್ಕೆ ಬರೋಣ.

ಸೂತ್ರ ಸರಿಯಾಗಿದೆ. ಮೊದಲ ರೀಡಿಂಗ್‌ನಲ್ಲಿ ಕೊನೆಯದನ್ನು ಕಳೆದು 131.25ರಿಂದ ಗುಣಿಸುವುದು. ಈ ಲೆಕ್ಕದ ಬೇರು 19ನೇ ಶತಮಾನದಲ್ಲಿ ಪ್ರಾಗ್‌ನ ರಸಾಯನಶಾಸ್ತ್ರಜ್ಞ ಬಾಲಿಂಗ್ ಮಾಡಿದ ಕೆಲಸದಲ್ಲಿದೆ. ಸುಮಾರು 2.07 ಗ್ರಾಂ ಸಕ್ಕರೆ ಹುದುಗಿದರೆ 1 ಗ್ರಾಂ ಆಲ್ಕೋಹಾಲ್, 0.96 ಗ್ರಾಂ ಇಂಗಾಲದ ಡೈಆಕ್ಸೈಡ್, ಚೂರು ಹೊಸ ಈಸ್ಟ್ ಆಗುತ್ತದೆ ಎಂದು ಅವರು ತೋರಿಸಿದರು. ಗ್ಯಾಸ್ ಹಾರಿಹೋಗುತ್ತದೆ. ದ್ರವದ ಭಾರ ಎಷ್ಟು ಇಳಿದಿದೆ ಎಂದು ಗೊತ್ತಾದರೆ ಆಲ್ಕೋಹಾಲ್ ಎಷ್ಟು ಹುಟ್ಟಿದೆ ಎಂದು ಹಿಮ್ಮುಖವಾಗಿ ಹೇಳಬಹುದು. ಎಲ್ಲವೂ ಇಳಿಕೆಯ ಮೇಲೆ ನಿಂತಿದೆ. ಆದ್ದರಿಂದ ಮೊದಲ ರೀಡಿಂಗ್ ತಪ್ಪಿದರೆ ಕೊನೆಯದನ್ನು ಎಷ್ಟು ಚೆನ್ನಾಗಿ ತೆಗೆದರೂ ಉಪಯೋಗವಿಲ್ಲ.

ನಿಮ್ಮ ಮೊದಲ ರೀಡಿಂಗ್ ತಪ್ಪಿದೆ. ಪಾಕ ಕರಗಿದ ನೀರು ಭಾರ, ಅದು ತಳದಲ್ಲಿ ಕೂರುತ್ತದೆ. ಮೇಲಿಂದ ಸುರಿದ ತಣ್ಣೀರು ಅದರ ಮೇಲೆ ನಿಲ್ಲುತ್ತದೆ. ಸೌಟಿನಿಂದ ಎರಡು ಸುತ್ತು ತಿರುಗಿಸಿದರೆ ಬೆರೆತಂತೆ ಕಾಣುತ್ತದೆ, ಆದರೆ ಬೆರೆತಿರುವುದಿಲ್ಲ. ಕೆಳಗಿನ ನಲ್ಲಿಯಿಂದ ಹಿಡಿದರೆ ರೀಡಿಂಗ್ ಜಾಸ್ತಿ ಬರುತ್ತದೆ. ಮೇಲಿನಿಂದ ಲೋಟದಲ್ಲಿ ತೆಗೆದಿದ್ದರೆ ಅಷ್ಟೇ ಕಡಿಮೆ ಬಂದು, ಇನ್ನೊಂದು ರೀತಿಯ ಪತ್ರ ಬರೆದಿರುತ್ತಿದ್ದಿರಿ. ಕಿಟ್ ಬಿಯರ್ ಮಾಡುವವರಿಂದ ನನಗೆ ಬರುವ ಗೊಂದಲಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಅದೃಷ್ಟಕ್ಕೆ ಕಿಟ್‌ನಲ್ಲಿ ಅಳತೆಯೇ ಬೇಕಿಲ್ಲ, ತೂಕದಿಂದಲೇ ಮೊದಲ ರೀಡಿಂಗ್ ಕಟ್ಟಬಹುದು. 1 ಕೆಜಿ ಸಕ್ಕರೆ ಸುಮಾರು 384 ಪಾಯಿಂಟ್ ಕೊಡುತ್ತದೆ. 1 ಕೆಜಿ ಮಾಲ್ಟ್ ಪಾಕ ಸುಮಾರು 300 ಕೊಡುತ್ತದೆ. ಅದನ್ನು ಒಟ್ಟು ಲೀಟರ್‌ನಿಂದ ಭಾಗಿಸಿದರೆ ಆಯಿತು. ನಿಮ್ಮ ಪಾಕ 1.7 ಕೆಜಿ, ಅಂದರೆ 510. ಸಕ್ಕರೆಯ 384 ಸೇರಿ 894. ಅದನ್ನು 23ರಿಂದ ಭಾಗಿಸಿದರೆ 39 ಪಾಯಿಂಟ್ ಚೂರು ಕಡಿಮೆ. ಅಂದರೆ ನಿಮ್ಮ ನಿಜವಾದ ಶುರು 1.039. ಪಾಕ ಪೂರ್ತಿ ಬಕೆಟ್‌ಗೆ ಬಿದ್ದಿದ್ದರೆ, ನೀರಿನ ಗುರುತು ಸರಿಯಿದ್ದರೆ, ಈ ಅಂಕಿಯನ್ನು ನಾನು ಯಾವ ನಲ್ಲಿ ಸ್ಯಾಂಪಲ್‌ಗಿಂತಲೂ ಜಾಸ್ತಿ ನಂಬುತ್ತೇನೆ.

39ರಲ್ಲಿ 10 ಕಳೆದರೆ 29. ಅಂದರೆ 0.029ನ್ನು 131.25ರಿಂದ ಗುಣಿಸಿದರೆ 3.8%. ಬಾಟಲಿಗೆ ತುಂಬುವಾಗ ನೊರೆಗಾಗಿ ಲೀಟರ್‌ಗೆ 6 ಗ್ರಾಂನಷ್ಟು ಸಕ್ಕರೆ ಹಾಕುತ್ತೀರಲ್ಲ, ಅದೂ ಹುದುಗಿ ಇನ್ನೊಂದು 0.3ರಿಂದ 0.4 ಸೇರಿಸುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಲು ಬಹಳ ಜನ ಮರೆಯುತ್ತಾರೆ. ಒಟ್ಟು 4.2ರ ಆಸುಪಾಸು.

ಸ್ಟ್ರಾಂಗ್ ಬಿಯರ್ ಮಾಡಿದರೆ ಈ 131.25 ಸ್ವಲ್ಪ ಹಿಂದೆ ಬೀಳುತ್ತದೆ. 1.090ರಿಂದ 1.018ಕ್ಕೆ ಇಳಿದ ಬಿಯರ್‌ಗೆ ಅದು 9.5% ಎನ್ನುತ್ತದೆ. ಹೆಚ್ಚು ಸರಿಯಾದ ಉದ್ದ ಸೂತ್ರ 10.3 ಎನ್ನುತ್ತದೆ. ನಿಮ್ಮ ಬಿಯರ್‌ಗೆ ಎರಡೂ ಒಂದೇ ಉತ್ತರ ಕೊಡುತ್ತವೆ, ಹಾಗಾಗಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ನನಗೆ ಅನುಮಾನ ಹುಟ್ಟಿಸಿದ್ದು ನಿಮ್ಮ 1.010. ಒಂದು ಕೆಜಿ ಸಾದಾ ಸಕ್ಕರೆ ಹಾಕಿದ್ದೀರಿ. ಈಸ್ಟ್ ಅದನ್ನು ಚೂರೂ ಬಿಡದೆ ತಿಂದು ಮುಗಿಸುತ್ತದೆ. ಇಂಥ ಕಿಟ್ ಸಾಮಾನ್ಯವಾಗಿ 1.006ರಿಂದ 1.008ಕ್ಕೆ ಬಂದು ನಿಲ್ಲುತ್ತದೆ. ನಿಮ್ಮದು ಎರಡೋ ನಾಲ್ಕೋ ಪಾಯಿಂಟ್ ಮೇಲಿದೆ. ಕಾರಣ ಎರಡಿರಬಹುದು.

ಒಂದು, ಗ್ಯಾಸ್. ಹೊಸ ಬಿಯರ್ ತುಂಬ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಜಾಡಿಯಲ್ಲಿ ಹೈಡ್ರೋಮೀಟರ್ ಬಿಟ್ಟು ಹತ್ತಿರದಿಂದ ನೋಡಿ. ಗಾಜಿನ ಹೊಟ್ಟೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಅಂಟುತ್ತವೆ. ಅವು ಅದನ್ನು ಮೇಲಕ್ಕೆತ್ತುತ್ತವೆ, ರೀಡಿಂಗ್ ಏರುತ್ತದೆ. ಗುಳ್ಳೆ ಒಡೆದಾಗ ಕಡ್ಡಿ ಸರಕ್ಕನೆ ಒಂದು ಗೆರೆ ಇಳಿಯುವುದೂ ಕಾಣುತ್ತದೆ. ಅದಕ್ಕೆ ಸ್ಯಾಂಪಲನ್ನು ಎರಡು ಲೋಟಗಳ ನಡುವೆ, ಕಾಫಿ ಆರಿಸುವ ಹಾಗೆ, ನೊರೆ ಬರುವುದು ನಿಲ್ಲುವ ತನಕ ಎತ್ತಿ ಸುರಿಯಿರಿ. ಹತ್ತು ನಿಮಿಷ ಬಿಡಿ. ನಂತರ ಹೈಡ್ರೋಮೀಟರನ್ನು ಬುಗುರಿಯಂತೆ ಬೆರಳಲ್ಲಿ ತಿರುಗಿಸಿ ಬಿಡಿ, ಅಂಟಿದ ಗುಳ್ಳೆ ಉದುರುತ್ತದೆ. ಕಣ್ಣನ್ನು ದ್ರವದ ಮಟ್ಟಕ್ಕೇ ಇಳಿಸಿ. ಕಡ್ಡಿಯ ಸುತ್ತ ದ್ರವ ಸ್ವಲ್ಪ ಮೇಲೆ ಹತ್ತಿರುತ್ತದೆ, ಆ ಅಂಚನ್ನು ಓದಬೇಡಿ. ಸಮತಟ್ಟಾದ ಮೈ ಯಾವ ಗೆರೆಯಲ್ಲಿದೆ ಎಂದು ಓದಿ. ಕೆಲವು ಹೈಡ್ರೋಮೀಟರ್‌ಗಳನ್ನು ಮೇಲಿನ ಅಂಚು ಓದಲೆಂದೇ ಮಾಡಿರುತ್ತಾರೆ, ಜೊತೆಗೆ ಬಂದ ಚೀಟಿ ನೋಡಿಕೊಳ್ಳಿ.

ಎರಡನೆಯ ಕಾರಣ, ಹುದುಗುವುದು ಇನ್ನೂ ಮುಗಿದಿಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ರಾತ್ರಿ ಹೀಟಿಂಗ್ ಆರಿಸುತ್ತಾರೆ. 16 ಡಿಗ್ರಿಗಿಂತ ಕೆಳಗೆ ಹೋದರೆ ಈ ಜಾತಿಯ ಈಸ್ಟ್ ಮಂಕಾಗುತ್ತದೆ. ಗುಳ್ಳೆ ನಿಂತಿದೆ ಎಂಬುದು ಪುರಾವೆಯೇ ಅಲ್ಲ. ಬಕೆಟ್ ಮುಚ್ಚಳ ಸ್ವಲ್ಪ ಸಡಿಲವಿದ್ದರೆ ಗ್ಯಾಸ್ ಪಕ್ಕದಿಂದ ಹೋಗುತ್ತದೆ, ಏರ್‌ಲಾಕ್ ಸುಮ್ಮನಿರುತ್ತದೆ. ಇನ್ನೊಂದು ಕಡೆ, ಎಲ್ಲ ಮುಗಿದ ಬಿಯರ್ ಕೋಣೆ ಬೆಚ್ಚಗಾದಾಗ ಮತ್ತೆ ಗುಳ್ಳೆ ಬಿಡುವುದೂ ಉಂಟು.

ಇದನ್ನು ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, ಬಾಟಲಿಯೊಳಗೆ ಇಳಿಯುವ ಪ್ರತಿ ಒಂದು ಪಾಯಿಂಟ್ ಬಿಯರ್‌ನ ಅರ್ಧದಷ್ಟು ಗಾತ್ರದ ಗ್ಯಾಸ್ ಹುಟ್ಟಿಸುತ್ತದೆ. ನೊರೆಗೆಂದು ಹಾಕುವ ಸಕ್ಕರೆ, ಮೊದಲೇ ಕರಗಿರುವ ಗ್ಯಾಸ್ ಸೇರಿ ಎರಡೂವರೆ ಪಟ್ಟು ಇರಬೇಕಾದ ಕಡೆ, ಉಳಿದಿದ್ದ 4 ಪಾಯಿಂಟ್ ಇನ್ನೂ ಎರಡು ಪಟ್ಟು ಸೇರಿಸಿತು ಅಂದುಕೊಳ್ಳಿ. ಸಾದಾ ಬಿಯರ್ ಬಾಟಲಿ ಅದಕ್ಕೆಂದು ಮಾಡಿದ್ದಲ್ಲ. ಒಡೆದ ಬಾಟಲಿಯ ಗಾಜು ಬೀರುವಿನ ಬಾಗಿಲಿಗೆ ನಾಟಿದ್ದನ್ನು ನಾನು ನೋಡಿದ್ದೇನೆ. ಆಲ್ಕೋಹಾಲ್ ಲೆಕ್ಕ ಅರ್ಧ ಶೇಕಡಾ ತಪ್ಪಿದರೆ ಏನೂ ಆಗುವುದಿಲ್ಲ. ಇದು ತಪ್ಪಿದರೆ ಕಣ್ಣಿಗೇ ಅಪಾಯ.

ಹಾಗಾಗಿ ಶನಿವಾರ ಬೇಡ. ಬಕೆಟನ್ನು 20, 21 ಡಿಗ್ರಿ ಇರುವ ಕಡೆ ಇಡಿ. ಗ್ಯಾಸ್ ತೆಗೆದ ಸ್ಯಾಂಪಲ್‌ನಲ್ಲಿ ಇವತ್ತು ಒಂದು ರೀಡಿಂಗ್, ಮೂರು ದಿನ ಬಿಟ್ಟು ಇನ್ನೊಂದು. ಎರಡೂ ಒಂದೇ ಇದ್ದು 1.008ರ ಹತ್ತಿರ ಇದ್ದರೆ ತುಂಬಿ. 1.010ಕ್ಕೇ ನಿಂತಿದ್ದರೆ ಬಕೆಟನ್ನು ಮೆಲ್ಲಗೆ ಅಲುಗಿಸಿ, ಬೆಚ್ಚಗಿಟ್ಟು, ಇನ್ನೊಂದು ವಾರ ಕೊಡಿ. ಹಾಗೆ ಕಾದರೆ ಬಿಯರ್‌ಗೆ ನಷ್ಟವಿಲ್ಲ, ರುಚಿ ಇನ್ನೂ ತಿಳಿಯಾಗುತ್ತದೆ. ಮುಚ್ಚಳ ಪದೇ ಪದೇ ತೆಗೆದು ಇಣುಕುವುದರಲ್ಲಿ ಮಾತ್ರ ಹುಳಿ ಹಿಡಿಯುವ ಅಪಾಯ ಇದೆ. ಅಳತೆಗೆ ಬಳಸಿದ ಸ್ಯಾಂಪಲನ್ನು ವಾಪಸ್ ಸುರಿಯಬೇಡಿ, ಕುಡಿದುಬಿಡಿ.

ಇನ್ನೊಂದು ಮಾತು, ಹೈಡ್ರೋಮೀಟರೇ ಸರಿ ಇದೆಯಾ? ಒಳಗಿರುವುದು ಸುತ್ತಿಟ್ಟ ಕಾಗದ. ಬಿಸಿನೀರಲ್ಲಿ ತೊಳೆದಾಗ ಅಂಟು ಬಿಟ್ಟು ಕಾಗದ ಜಾರುವುದು ಹೊಸದೇನಲ್ಲ. 20 ಡಿಗ್ರಿಯ ಶುದ್ಧ ನೀರಿನಲ್ಲಿ ಅದು 1.000 ತೋರಿಸಬೇಕು. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 100 ಗ್ರಾಂ ಸಕ್ಕರೆ, 900 ಗ್ರಾಂ ನೀರು ತೂಗಿ ಕರಗಿಸಿ. ಅದರಲ್ಲಿ 1.040 ಬರಬೇಕು. ನೀರಿನಲ್ಲಿ 1.002 ತೋರಿಸಿದರೆ ಎಲ್ಲ ರೀಡಿಂಗ್‌ನಿಂದ 2 ಕಳೆಯಿರಿ, ಹೊಸದು ಕೊಳ್ಳಬೇಕಿಲ್ಲ. ಎರಡು ಕಡೆಯೂ ಬೇರೆ ಬೇರೆ ತಪ್ಪು ಬಂದರೆ ಮಾತ್ರ ಬಿಸಾಡಿ.

ಉಷ್ಣತೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 20 ಡಿಗ್ರಿಗೆ ಮಾಡಿದ ಹೈಡ್ರೋಮೀಟರ್ 30 ಡಿಗ್ರಿ ದ್ರವದಲ್ಲಿ ಎರಡೂವರೆ ಪಾಯಿಂಟ್, 40ರಲ್ಲಿ 6 ಪಾಯಿಂಟ್ ಕಡಿಮೆ ತೋರಿಸುತ್ತದೆ. 60 ಡಿಗ್ರಿಗೆ ಹೋದರೆ ವ್ಯತ್ಯಾಸ 15ರ ಹತ್ತಿರ. ಅಷ್ಟು ಬಿಸಿಯಲ್ಲಿ ತಿದ್ದುಪಡಿ ಲೆಕ್ಕ ಹಾಕುವ ಬದಲು ಜಾಡಿಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಕಾಯುವುದೇ ಜಾಣತನ.

ಮೊದಲ ರೀಡಿಂಗ್ ಇಲ್ಲವೇ ಇಲ್ಲ, ತೂಕವೂ ನೆನಪಿಲ್ಲ ಅನ್ನುವವರಿಗೂ ಒಂದು ದಾರಿ ಇದೆ. ಗ್ಯಾಸ್ ತೆಗೆದ ಬಿಯರ್ 500 ಮಿಲಿ ಅಳೆದು ರೀಡಿಂಗ್ ತೆಗೆದುಕೊಳ್ಳಿ. ಅದನ್ನು ತೆರೆದ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಆಲ್ಕೋಹಾಲ್ ಹಾರಿಹೋಗುತ್ತದೆ. ತಣಿದ ಮೇಲೆ ಶುದ್ಧ ನೀರು ಸೇರಿಸಿ ಮತ್ತೆ ಸರಿಯಾಗಿ 500 ಮಿಲಿ ಮಾಡಿ, ಅದೇ ಉಷ್ಣತೆಯಲ್ಲಿ ಅಳೆಯಿರಿ. ರೀಡಿಂಗ್ ಏರಿರುತ್ತದೆ. ಆ ಏರಿಕೆ ಪೂರ್ತಿ ಆಲ್ಕೋಹಾಲ್‌ನದು, ಪ್ರತಿ 1%ಗೆ ಒಂದೂವರೆ ಪಾಯಿಂಟ್‌ಗಿಂತ ಸ್ವಲ್ಪ ಕಡಿಮೆ. ಕೇಳಲು ಚೆಂದ. ಆದರೆ 4% ಬಿಯರ್‌ನಲ್ಲಿ ಒಟ್ಟು ಏರಿಕೆಯೇ 6 ಪಾಯಿಂಟ್ ಮುಟ್ಟುವುದಿಲ್ಲ. ಎರಡೆರಡು ಪಾಯಿಂಟ್‌ಗೆ ಗೆರೆ ಇರುವ ಸಾದಾ ಹೈಡ್ರೋಮೀಟರ್‌ನಲ್ಲಿ ಒಂದು ಪಾಯಿಂಟ್ ತಪ್ಪಿ ಓದಿದರೂ 0.7% ವ್ಯತ್ಯಾಸ. 0.990ರಿಂದ 1.020ರ ನಡುವೆ ಮಾತ್ರ ಓದುವ ಸಣ್ಣ ವ್ಯಾಪ್ತಿಯದು ಇದ್ದರೆ ಮಾತ್ರ ಈ ಗೋಜಿಗೆ ಹೋಗಿ. ಹಾರುವ ಆವಿಯನ್ನು ಹಿಡಿಯಲು ಮಾತ್ರ ಹೋಗಬೇಡಿ. ಅದು ಭಟ್ಟಿ ಇಳಿಸುವುದಾಗುತ್ತದೆ, ಬ್ರಿಟನ್ನಿನಲ್ಲಿ ಲೈಸೆನ್ಸ್ ಇಲ್ಲದೆ ಅಪರಾಧ.

ಆನ್‌ಲೈನ್‌ನಲ್ಲಿ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ) ಕೊಳ್ಳಿ ಎಂದು ಯಾರಾದರೂ ಹೇಳಬಹುದು. ಎರಡು ಹನಿ ಸಾಕು, ನಿಜ. ಶುರುವಿನ ರೀಡಿಂಗ್‌ಗೆ ಬಹಳ ಒಳ್ಳೆಯದು. ಆದರೆ ಆಲ್ಕೋಹಾಲ್ ಸೇರಿದ ಮೇಲೆ ಅದು ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತದೆ. ಹಾಗಾಗಿ ತಿದ್ದುಪಡಿ ಸೂತ್ರ ಬೇಕೇ ಬೇಕು. ಲ್ಯಾಬ್‌ಗೆ ಕಳಿಸಿದರೆ ಎರಡನೇ ದಶಮಾಂಶದವರೆಗೆ ಉತ್ತರ ಬರುತ್ತದೆ. ಬಿಯರ್ ಮಾರುವವರಿಗೆ ಅದು ಬೇಕು. ಮನೆಯಲ್ಲಿ ಕುಡಿಯಲು ಅದು ದುಡ್ಡು ದಂಡ. ಅಂಗಡಿಯ ಬಿಯರ್ ಲೇಬಲ್‌ಗೇ ನಿಮ್ಮಲ್ಲಿ 0.5% ಹೆಚ್ಚುಕಮ್ಮಿ ಆಗಲು ಅವಕಾಶ ಇದೆ.

ಈಗ ಅಮ್ಮನ ಪ್ರಶ್ನೆ. ಅವರ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಅರ್ಥವಾಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ, 2008ರಲ್ಲಿ ಬೆಂಗಳೂರು, ಕೋಲಾರದ ಕಡೆ ಕಳ್ಳಭಟ್ಟಿ ಕುಡಿದು ಎರಡೂ ಸಲ ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್. ಇಂಥ ದುರಂತಗಳಲ್ಲಿ ಅದು ಬರುವುದು ಕಾರ್ಖಾನೆಗೆಂದು ಇರುವ ಅಗ್ಗದ ಮೆಥನಾಲನ್ನು ಬೆರೆಸುವುದರಿಂದ. ಈಸ್ಟ್ ಸಕ್ಕರೆ ತಿಂದು ಅದನ್ನು ಹುಟ್ಟಿಸುವುದಿಲ್ಲ. ಹಣ್ಣಿನ ಪೆಕ್ಟಿನ್ ಒಡೆದಾಗ ಸ್ವಲ್ಪ ಮೆಥನಾಲ್ ಬರುತ್ತದೆ. ಮಾಲ್ಟ್ ಬಿಯರ್‌ನಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ನಿಮ್ಮ ಬಕೆಟ್‌ನಿಂದ ಯಾರ ಕಣ್ಣೂ ಹೋಗುವುದಿಲ್ಲ ಎಂದು ಅಮ್ಮನಿಗೆ ಧೈರ್ಯವಾಗಿ ಹೇಳಿ. ಆದರೆ "ಹೈಡ್ರೋಮೀಟರ್‌ನಲ್ಲಿ ಚೆಕ್ ಮಾಡಿದ್ದೇನೆ" ಎಂದು ಮಾತ್ರ ಹೇಳಬೇಡಿ. ಮೆಥನಾಲ್‌ನ ಸಾಂದ್ರತೆ 0.792, ನಾವು ಕುಡಿಯುವ ಆಲ್ಕೋಹಾಲ್‌ನದು 0.789. ಎರಡರ ವ್ಯತ್ಯಾಸ ಯಾವ ಹೈಡ್ರೋಮೀಟರ್‌ಗೂ ಕಾಣುವುದಿಲ್ಲ.

ಇದನ್ನು ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ 1963ರಿಂದ ಮನೆ ಬಳಕೆಯ ಬಿಯರ್‌ಗೆ ಲೈಸೆನ್ಸ್ ಬೇಕಿಲ್ಲ, ಮಾರುವಂತಿಲ್ಲ ಅಷ್ಟೇ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರ್ ಕೂಡ ಅದರಲ್ಲಿ ಬರುತ್ತದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳು ನಡೆಯುವುದು ಲೈಸೆನ್ಸ್ ಮೇಲೆ.

ಕೊನೆಗೆ ಕಾರಿನ ವಿಷಯ. 500 ಮಿಲಿ ಬಾಟಲಿಯಲ್ಲಿ 4.2% ಅಂದರೆ 21 ಮಿಲಿ ಶುದ್ಧ ಆಲ್ಕೋಹಾಲ್, ನಿಮ್ಮಲ್ಲಿನ ಲೆಕ್ಕದಲ್ಲಿ (10 ಮಿಲಿಗೆ ಒಂದು ಯುನಿಟ್) ಎರಡು ಯುನಿಟ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ಆ 4.2ರ ಸುತ್ತ ಅರ್ಧ ಶೇಕಡಾ ಅನುಮಾನ ಯಾವಾಗಲೂ ಇರುತ್ತದೆ. ಅದರ ಮೇಲೆ ಕುಡಿಯುವವರ ತೂಕ, ಊಟ, ಎಷ್ಟು ಬೇಗ ಕುಡಿದರು ಎನ್ನುವುದೂ ಸೇರುತ್ತದೆ. ಇಂಗ್ಲೆಂಡಿನಲ್ಲಿ ಮಿತಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಂ, ಸ್ಕಾಟ್ಲೆಂಡಿನಲ್ಲಿ 50, ಭಾರತದಲ್ಲಿ 30. ಮನೆಯ ಹೈಡ್ರೋಮೀಟರ್ ಅಂಕಿಯನ್ನು ಹಿಡಿದು "ಒಂದೂವರೆ ಬಾಟಲಿ ಕುಡಿದು ಓಡಿಸಬಹುದು" ಎಂಬ ಲೆಕ್ಕವನ್ನು ನಾನಂತೂ ಯಾರಿಗೂ ಹಾಕಿಕೊಡುವುದಿಲ್ಲ. ಕಾರು ತರುವ ಗೆಳೆಯರಿಗೆ ರಾತ್ರಿ ಹಾಸಿಗೆ ಹಾಸಿಕೊಡಿ, ಇಲ್ಲವೇ ಟ್ಯಾಕ್ಸಿ ಕರೆಯಿರಿ. ಮರುದಿನ ಬೆಳಿಗ್ಗೆ ಬೇಗ ಹೊರಡುವವರಿದ್ದರೆ ಅವರ ಲೋಟದ ಮೇಲೂ ಒಂದು ಕಣ್ಣಿರಲಿ. ನಾಲ್ಕು ಬಾಟಲಿ ಇಳಿಸಿದವರ ರಕ್ತದಲ್ಲಿ ಬೆಳಗಿನ ತನಕವೂ ಆಲ್ಕೋಹಾಲ್ ಉಳಿದಿರಬಹುದು.